ಡಬ್ಬಿ ಮೇಲೆ ‘ಡೈಮಂಡ್’ ಎಂದಷ್ಟೇ ಬರೆದರೆ ಸಾಲದು

ಮಾನ್ಯರೇ,

ಪೀಣ್ಯದಲ್ಲಿ ಹತ್ತೊಂಬತ್ತು ವರ್ಷದಿಂದ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೆತ್ತುವ ಎರಡು ಸಿಎನ್‌ಸಿ ಮಷೀನ್, ನಾಲ್ಕು ಹುಡುಗರು. ಸಿಲಿಕಾನ್ ಜಾಸ್ತಿ ಇರುವ ಅಲ್ಯೂಮಿನಿಯಂ ಜಾಬ್‌ಗಳೇ ನಮಗೆ ಹೆಚ್ಚು ಬರುತ್ತವೆ. ಅದರೊಳಗಿನ ಸಿಲಿಕಾನ್ ಕಣ ಮರಳಿನ ಹಾಗೆ ಉಜ್ಜಿ ಗಡಸು ವಸ್ತುವಾದ ಕಾರ್ಬೈಡ್‌ನ ಎಂಡ್‌ಮಿಲ್ (ತಿರುಗುತ್ತಾ ಲೋಹ ಕೆತ್ತುವ ಟೂಲ್) ಅಂಚನ್ನು ತಿಂದುಹಾಕುತ್ತದೆ.

ಕಳೆದ ತಿಂಗಳು ಡೀಲರ್ ಒಬ್ಬರು ‘ಡೈಮಂಡ್ ಕೋಟಿಂಗ್’ ಎಂದು ಎಂಡ್‌ಮಿಲ್ ಕೊಟ್ಟರು. ಬೆಲೆ ಮೂರು ಪಟ್ಟು. ಎರಡನೇ ದಿನಕ್ಕೇ ಮೊಂಡಾಯಿತು. ಲೆನ್ಸ್ ಹಿಡಿದು ನೋಡಿದೆ. ಅಂಚಿನುದ್ದಕ್ಕೂ ಕಪ್ಪು ಬಣ್ಣ ಹೋಗಿ, ಕೆಳಗಿನ ಬೂದು ಕಾರ್ಬೈಡ್ ಕಾಣುತ್ತಿತ್ತು. ಮತ್ತೆ ಹೋಗಿ ಕೇಳಿದರೆ, ಅದು ಡಿಎಲ್‌ಸಿ ಅಂತೆ. ಅಂದರೆ ವಜ್ರದಂಥ ಕಾರ್ಬನ್. ವಜ್ರದಂಥದ್ದು ಬೇರೆ, ವಜ್ರ ಬೇರೆ ಅಲ್ವಾ? ಡಿಎಲ್‌ಸಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತುಂಬ ನುಣುಪು, ಅಲ್ಯೂಮಿನಿಯಂ ಅಂಟಿಕೊಳ್ಳುವುದು ಕಡಿಮೆ. ಆದರೆ ತೆಳು, ವಜ್ರದಷ್ಟು ಗಡಸೂ ಅಲ್ಲ. ನನ್ನ ಕೆಲಸಕ್ಕೆ ಅದು ತಡೆಯಲಿಲ್ಲ.

ನಿಜವಾದ ವಜ್ರದ ಪದರ ಬೆಳೆಸುವುದು ಸುಮ್ನೆ ಅಲ್ಲ. ಮೊದಲು ಕಾರ್ಬೈಡ್ ಕಣಗಳನ್ನು ಹಿಡಿದಿಡುವ ಕೋಬಾಲ್ಟ್ ಲೋಹವನ್ನು ಅದರ ಮೈಮೇಲಿಂದ ಆಸಿಡ್‌ನಿಂದ ತೆಗೆಯಬೇಕು. ಇಲ್ಲದಿದ್ದರೆ ವಜ್ರದ ಬದಲು ಮೆತ್ತನೆಯ ಗ್ರಾಫೈಟ್ ಕೂತು ಕೋಟಿಂಗ್ ಎದ್ದುಬರುತ್ತದೆ. ಆಮೇಲೆ ಟೂಲನ್ನು ಸುಮಾರು 800 ಡಿಗ್ರಿ ಬಿಸಿಯಲ್ಲಿಟ್ಟು, ಹೈಡ್ರೋಜನ್ ಜೊತೆ ಚೂರು ಮೀಥೇನ್ ಬಿಟ್ಟು, ಗಂಟೆಗಟ್ಟಲೆ ಕಾಯಬೇಕು. ಒಳ್ಳೆಯ ಟೂಲ್‌ಗಳಲ್ಲಿ ದೊಡ್ಡ ಹರಳಿನ ಪದರ, ಅದರ ಮೇಲೆ ನ್ಯಾನೋ ಹರಳಿನ ಪದರ, ಹೀಗೆ ಒಂದರ ಮೇಲೊಂದು ಬೆಳೆಸಿರುತ್ತಾರೆ. ದೊಡ್ಡ ಹರಳು ಕಾರ್ಬೈಡನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮೇಲಿನ ಸಣ್ಣ ಹರಳು ನುಣ್ಣಗಿರುವುದರಿಂದ ಕೆತ್ತಿದ ಲೋಹದ ಚೂರುಗಳು ಸಲೀಸಾಗಿ ಜಾರುತ್ತವೆ. ಕೋಟಿಂಗ್ ಬಿರುಕು ಬಿಟ್ಟರೂ ಆ ಬಿರುಕು ನೇರ ಕೆಳಗಿಳಿಯದೆ ಪದರದ ಗಡಿಯಲ್ಲಿ ಅಡ್ಡ ತಿರುಗುತ್ತದೆ. ಪ್ಲೈವುಡ್ಡನ್ನು ಸೌದೆಯಂತೆ ಸೀಳಲು ಆಗುವುದಿಲ್ಲವಲ್ಲ, ಹಾಗೆ.

ಅಸಲಿ ವಜ್ರದ ಕೋಟಿಂಗ್ ಇದ್ದರೂ ಆ ಟೂಲನ್ನು ಉಕ್ಕು ಕೆತ್ತಲು ಬಳಸಬಾರದು. ಬಿಸಿಗೆ ವಜ್ರದ ಕಾರ್ಬನ್ ಉಕ್ಕಿನ ಕಬ್ಬಿಣದೊಳಗೆ ಸೇರಿಹೋಗುತ್ತದೆ. ಇದನ್ನೂ ಯಾವ ಡೀಲರೂ ನನಗೆ ಹೇಳಲಿಲ್ಲ.

ಆ ಎಂಡ್‌ಮಿಲ್‌ಗೆ ಕೊಟ್ಟ ದುಡ್ಡು ನನ್ನ ಒಬ್ಬ ಹುಡುಗನ ವಾರದ ಸಂಬಳ. ಕೋಟಿಂಗ್ ವಜ್ರವೋ ಡಿಎಲ್‌ಸಿಯೋ, ಎಷ್ಟು ಮೈಕ್ರಾನ್ ದಪ್ಪ, ಒಂದೇ ಪದರವೋ ಹಲವೋ, ಯಾವ ಲೋಹಕ್ಕೆ ಎಂಬುದನ್ನು ಡಬ್ಬಿಯ ಮೇಲೆ ಕನ್ನಡದಲ್ಲೂ ಅಚ್ಚು ಹಾಕಲಿ. ಮಷೀನ್ ಮುಂದೆ ನಿಲ್ಲುವ ಹುಡುಗರು ಓದುವುದು ಕನ್ನಡವನ್ನೇ. ಅಲ್ಲಿಯವರೆಗೆ ಕೊಳ್ಳುವವರು ಬಿಲ್‌ನಲ್ಲಾದರೂ ಬರೆಸಿಕೊಳ್ಳಿ. ನಾನು ಈ ವಾರದಿಂದ ಬರೆಸಿಕೊಳ್ಳುತ್ತಿದ್ದೇನೆ.

— ವರ್ಕ್‌ಶಾಪ್ ಮಾಲೀಕ, ಪೀಣ್ಯ, ಬೆಂಗಳೂರು