ಹೊಲಿಗೆ ಬಿಚ್ಚುವವರು ಯಾರು?

ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ ಕಸಿ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ ದಿನ, ಮಸ್ಕತ್ತಿನಲ್ಲಿರುವ ನಮ್ಮಂಥವರು ಮೊದಲು ಮಾಡುವ ಕೆಲಸವೆಂದರೆ ಬೆಂಗಳೂರಿಗೆ ಫೋನು. ಯಾರ ಕೈಗುಣ ಚೆನ್ನಾಗಿದೆ ಎಂದು ಭಾವ, ಷಡ್ಡಕ, ಹಳೆಯ ಸಹಪಾಠಿಗಳನ್ನೆಲ್ಲ ವಿಚಾರಿಸಿ, ಮೂರು ವಾರದ ರಜೆ ಬರೆದುಕೊಟ್ಟು ವಿಮಾನ ಹತ್ತುತ್ತೇವೆ. ನಾನೂ ಹಾಗೆಯೇ ಮಾಡಿದೆ. ಶಸ್ತ್ರಚಿಕಿತ್ಸೆಯ ಬಗ್ಗೆ ನನಗೆ ಇಂದಿಗೂ ದೂರಿಲ್ಲ. ತೊಡಕು ಹುಟ್ಟಿದ್ದು ಹದಿನಾಲ್ಕನೆಯ ತಿಂಗಳಲ್ಲಿ.

ಒಂದು ಶುಕ್ರವಾರ ಬೆಳಗ್ಗೆ ರೆಪ್ಪೆಯೊಳಗೆ ಮರಳಿನ ಕಣ ಸಿಕ್ಕಿಕೊಂಡಂತಾಯಿತು. ಊರ ತುಂಬ ಧೂಳೆದ್ದಿದ್ದ ದಿನವಾದ್ದರಿಂದ ಮರಳೆಂದೇ ನಂಬಿ ಅರ್ಧ ದಿನ ಸುಮ್ಮನಿದ್ದೆ. ಸಂಜೆ ಇಲ್ಲಿನ ಆಸ್ಪತ್ರೆಯೊಂದರ ಕಿರಿಯ ವೈದ್ಯೆ ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನಲ್ಲಿ ನೋಡಿ, ಹದಿನಾರು ಹೊಲಿಗೆಗಳಲ್ಲಿ ಒಂದು ತುಂಡಾಗಿ ಅದರ ತುದಿ ಹೊರಗೆ ಚಾಚಿದೆ ಎಂದರು. ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರ ಅದು. ತೆಗೆಯಲು ಎರಡು ನಿಮಿಷ ಸಾಕು, ತೆಗೆಯದೆ ಬಿಟ್ಟರೆ ಅದರ ಗುಂಟ ಸೋಂಕು ಒಳಗಿಳಿಯುತ್ತದೆ. ಆದರೂ ಅವರು ಹಿಂಜರಿದರು. ಕಸಿ ಯಾವ ಬಗೆಯದು, ಉಳಿದ ಹೊಲಿಗೆಗಳನ್ನು ಯಾವ ಕ್ರಮದಲ್ಲಿ ಬಿಚ್ಚಬೇಕೆಂದು ಸರ್ಜನ್ ಎಣಿಸಿದ್ದರು, ಮೊದಲು ಕಣ್ಣಿನ ಒತ್ತಡ ಎಷ್ಟಿತ್ತು ಎಂದು ಕೇಳಿದರು. ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ಬೆಂಗಳೂರಿನ ಸರ್ಜನ್ ಥಿಯೇಟರಿನಿಂದ ಹೊರಬಂದು ವಾಟ್ಸ್ಆಪ್ ಚಿತ್ರ ನೋಡಿ ಮಾತಾಡುವ ಹೊತ್ತಿಗೆ ಅಲ್ಲಿ ರಾತ್ರಿ ಹತ್ತೂವರೆ. ಹೊಲಿಗೆ ಹೊರಬಂತು, ಕಣ್ಣು ಉಳಿಯಿತು.

ಆದ್ದರಿಂದ ಕಸಿಗೆ ಸಿದ್ಧರಾಗುತ್ತಿರುವ ನಮ್ಮ ಸಂಘದ ಸದಸ್ಯರಿಗೆ ನನ್ನ ಸಲಹೆ ಸ್ವಲ್ಪ ತಲೆಕೆಳಗಾಗಿ ಕಾಣಬಹುದು: ಸರ್ಜನ್‌ರನ್ನು ಹುಡುಕುವ ಮೊದಲು, ಎರಡನೆಯ ವರ್ಷದಲ್ಲಿ ನಿಮ್ಮ ಕಣ್ಣು ನೋಡುವ ವೈದ್ಯರನ್ನು ನೀವಿರುವ ಊರಿನಲ್ಲಿಯೇ ಹುಡುಕಿಕೊಳ್ಳಿ. ಆ ವೈದ್ಯರು ಸಾಮಾನ್ಯ ನೇತ್ರತಜ್ಞರಾಗಿರದೆ ಕಾರ್ನಿಯಾ ವಿಭಾಗದವರಾಗಿರಲಿ, ಮತ್ತು ನಿಮ್ಮನ್ನು ನೋಡಿಕೊಳ್ಳಲು ಮೊದಲೇ ಒಪ್ಪಿರಲಿ.

ಸರ್ಜನ್ ಆಯ್ಕೆಯ ವಿಷಯಕ್ಕೆ ಬಂದರೆ, ಕಾರ್ನಿಯಾ ಕಸಿ ಎಂಬುದು ಒಂದೇ ಶಸ್ತ್ರಚಿಕಿತ್ಸೆಯಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೇಗೆಂದು ನಮ್ಮಲ್ಲಿ ಅನೇಕರು ಆಗ ಬೆರಗಾಗಿದ್ದೆವು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು, ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಕಾರ್ನಿಯಾವನ್ನು ಪದರ ಪದರವಾಗಿ ಸೀಳಿ, ಮುಂಭಾಗದ ಪದರಗಳನ್ನು ಮುಂಭಾಗ ಕೆಟ್ಟವರಿಗೂ ಒಳಪದರವನ್ನು ಒಳಪದರ ಕೆಟ್ಟವರಿಗೂ ಹಾಕಿದ್ದರು. ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ತೊಂದರೆ) ಇರುವ ತರುಣರಿಗೆ ಬೇಕಾಗುವುದು ಮುಂಭಾಗದ ಕಸಿ, ಅದರ ಹೆಸರು ಡಾಲ್ಕ್. ಫುಕ್ಸ್ ತೊಂದರೆ, ಅಂದರೆ ಒಳಪದರದ ಜೀವಕೋಶಗಳು ನಶಿಸಿ ಕಾರ್ನಿಯಾ ಊದಿಕೊಳ್ಳುವ ಕಾಯಿಲೆ ಇರುವ ಹಿರಿಯರಿಗೆ ಬೇಕಾಗುವುದು ಒಳಪದರದ ಕಸಿ, ಅದರ ಬಗೆಗಳು ಡಿಸೇಕ್ ಮತ್ತು ಡಿಮೆಕ್. ಪೂರ್ತಿ ದಪ್ಪಕ್ಕೆ ಕಲೆ ಬಿದ್ದವರಿಗೆ ಹಳೆಯ ಪೂರ್ಣ ಕಸಿಯೇ ಗತಿ. ನನಗೆ ಆದದ್ದು ಅದು. ಹೀಗಿರುವಾಗ 'ಎಷ್ಟು ಕಸಿ ಮಾಡಿದ್ದೀರಿ' ಎಂದು ಕೇಳಿದರೆ ಸಾಲದು. 'ನನಗೆ ಬೇಕಾದ ಬಗೆಯನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ' ಎಂದು ಕೇಳಬೇಕು. ಡಾಲ್ಕ್ ನಡೆಯುತ್ತಿರುವಾಗ ಒಳಪದರ ಹರಿದರೆ ಅಲ್ಲಿಯೇ ಪೂರ್ಣ ಕಸಿಗೆ ಬದಲಿಸುವ ಸಂದರ್ಭ ಬರಬಹುದು. ಅದಕ್ಕೆ ತಕ್ಕ ದಾನಿಯ ಕಾರ್ನಿಯಾ ಕೈಯಲ್ಲಿರುತ್ತದೆಯೇ ಎಂಬುದನ್ನೂ ಕೇಳಬೇಕು. ಇಂಥ ಪ್ರಶ್ನೆಗೆ ಮುಖ ಗಂಟಿಕ್ಕುವ ವೈದ್ಯರ ಕೈಗುಣ ಎಷ್ಟೇ ದೊಡ್ಡದಿದ್ದರೂ ನಾನಾದರೆ ಎದ್ದು ಬರುತ್ತೇನೆ.

ರಜೆಯ ಲೆಕ್ಕವೂ ಬಗೆಯನ್ನೇ ಅವಲಂಬಿಸಿದೆ. ಡಿಮೆಕ್‌ನಲ್ಲಿ ಹೊಸ ಪದರವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿ ಅಥವಾ ಅನಿಲದ ಗುಳ್ಳೆ ಬಿಟ್ಟು, ಕೆಲವು ದಿನ ಅಂಗಾತ ಮಲಗಿಸುತ್ತಾರೆ. ಪದರ ಕಳಚಿದರೆ ಮತ್ತೆ ಗುಳ್ಳೆ ಹಾಕಬೇಕಾಗುತ್ತದೆ. ಗುಳ್ಳೆ ಕರಗುವ ಮೊದಲು ವಿಮಾನ ಹತ್ತಿದರೆ, ಮೇಲೆ ಹೋದಂತೆ ಅನಿಲ ಹಿಗ್ಗಿ ಕಣ್ಣಿನ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಆದ್ದರಿಂದ ವಾಪಸು ಟಿಕೆಟ್ಟಿನ ದಿನಾಂಕವನ್ನು ಸರ್ಜನ್ ಹೇಳಲಿ, ನಿಮ್ಮ ಮ್ಯಾನೇಜರ್ ಹೇಳುವುದು ಬೇಡ. ಪೂರ್ಣ ಕಸಿಯಲ್ಲಿ ಗುಳ್ಳೆಯ ಚಿಂತೆಯಿಲ್ಲ, ಆದರೆ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ ಕನ್ನಡಕದ ಪವರ್ ನಿಲ್ಲುವ ಹೊತ್ತಿಗೆ ಒಂದು ವರ್ಷ ದಾಟುತ್ತದೆ.

ಊರು ಬಿಡುವ ಮೊದಲು ಕಾಗದ ಪತ್ರಗಳನ್ನು ಪಟ್ಟುಹಿಡಿದು ಬರೆಸಿಕೊಳ್ಳಿ. ಕಸಿಯ ಬಗೆ ಮತ್ತು ಅಳತೆ, ದಾನಿಯ ಕಾರ್ನಿಯಾದ ಜೀವಕೋಶಗಳ ಎಣಿಕೆ, ಒತ್ತಡದ ಅಂಕಿಗಳು, ಹೊಲಿಗೆಗಳ ಒಂದು ಚಿಕ್ಕ ಚಿತ್ರ ಇವೆಲ್ಲ ಅದರಲ್ಲಿರಲಿ. ಗಡಿಯಾರದ ಮುಖದಂತೆ ವೃತ್ತ ಬರೆದು ಗೀಟು ಎಳೆದರೆ ಅದೇ ಹೊಲಿಗೆಯ ಚಿತ್ರ. ಹನಿ ಔಷಧಿಯ ಹೆಸರನ್ನು ಬ್ರ್ಯಾಂಡಿನಲ್ಲಲ್ಲದೆ ಮೂಲ ಹೆಸರಿನಲ್ಲಿ ಬರೆಸಿ, ಏಕೆಂದರೆ ಅಲ್ಲಿನ ಬ್ರ್ಯಾಂಡು ಇಲ್ಲಿನ ಫಾರ್ಮಸಿಯಲ್ಲಿ ಸಿಗದಿರಬಹುದು. ಸ್ಟೀರಾಯ್ಡ್ ಹನಿಯನ್ನು 'ಈಗ ಚೆನ್ನಾಗಿದೆಯಲ್ಲ' ಎಂದು ನೀವಾಗಿಯೇ ನಿಲ್ಲಿಸಬಾರದು. ಹಾಗೆಂದು ಪರೀಕ್ಷೆಯಿಲ್ಲದೆ ಹಾಕುತ್ತಲೇ ಹೋದರೆ ನೋವೇ ಇಲ್ಲದೆ ಕಣ್ಣಿನ ಒತ್ತಡ ಏರಿ ದೃಷ್ಟಿನರಕ್ಕೆ ಪೆಟ್ಟಾಗಬಹುದು. ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ದೃಷ್ಟಿ ಮಂಜಾಗುವುದು, ನೋವು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ತೋರಿಸಬೇಕು. ದೇಹ ಕಸಿಯನ್ನು ತಿರಸ್ಕರಿಸುವುದನ್ನು ಬೇಗ ಹಿಡಿದರೆ ಬಹಳ ಸಲ ತಡೆಯಬಹುದು, ಮತ್ತು ಅದು ವರ್ಷಗಳ ನಂತರವೂ ಬರಬಹುದು. ಶುಕ್ರವಾರದ ಕ್ರಿಕೆಟ್ಟಿಗೆ ಬರುವ ಪೂರ್ಣ ಕಸಿಯವರು ರಕ್ಷಣಾ ಕನ್ನಡಕವಿಲ್ಲದೆ ಮೈದಾನಕ್ಕಿಳಿಯಬಾರದು, ಏಕೆಂದರೆ ಆ ಗಾಯಕ್ಕೆ ಹುಟ್ಟಿನ ಬಲ ಎಂದೂ ಮರಳುವುದಿಲ್ಲ.

ನನ್ನ ಕಣ್ಣಿನಲ್ಲಿ ಇನ್ನೂ ಐದು ಹೊಲಿಗೆಗಳಿವೆ. ಅವುಗಳ ಚಿತ್ರ ಈಗ ಇಲ್ಲಿನ ವೈದ್ಯೆಯ ಫೈಲಿನಲ್ಲಿದೆ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ವಾರ, ನಾಲ್ಕು ಗಂಟೆ ಮತ್ತು ಹತ್ತು ಗಂಟೆಯ ಜಾಗದ ಎರಡನ್ನು ಅವರೇ ಬಿಚ್ಚಲಿದ್ದಾರೆ.