ಅರಸಾಳಿನಲ್ಲಿ ರೈಲಿನ ಕಥೆಗೂ ಒಂದು ಗೋಡೆ ಕೊಡಿ

ಶಿವಮೊಗ್ಗ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಸಾಗರದಿಂದ ನಮಸ್ಕಾರ.

ಶಿವಮೊಗ್ಗ–ತಾಳಗುಪ್ಪ ರೈಲು ಮಾರ್ಗದ ಅರಸಾಳಿನಲ್ಲಿ ಹಳೇ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ನಿಲ್ದಾಣವನ್ನು ಕೆಡವದೆ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಅದು ಕಾಣಿಸಿಕೊಂಡಿತ್ತು, ಹಾಗಾಗಿ ಉಳಿಯಿತು. ಜನ ಬರ್ತಾರೆ, ಚಹಾ ಕುಡೀತಾರೆ, ಫೋಟೊ ತೆಗೆಸಿಕೊಳ್ತಾರೆ. ನನ್ನ ತಕರಾರು ಅದಲ್ಲ. ಅಲ್ಲಿ ಧಾರಾವಾಹಿ ಮುಂದೆ ನಿಂತಿದೆ, ರೈಲು ಹಿಂದೆ ಸರಿದಿದೆ. ಕೆಲವು ದಿನದ ಶೂಟಿಂಗ್‌ಗೆ ಅಷ್ಟು ಮರ್ಯಾದೆ ಸಿಕ್ಕಿದ ಮೇಲೆ, ದಶಕಗಟ್ಟಲೆ ಓಡಿದ ರೈಲಿಗೂ ಸ್ವಲ್ಪ ಸಿಗಬೇಕಲ್ವಾ?

ಹೀಗೆ ಮರ್ಯಾದೆ ಕೊಟ್ಟ ಒಂದು ಉದಾಹರಣೆ ಹೇಳ್ತೀನಿ. ಲಂಡನ್ನಿನಲ್ಲಿ ಆಲ್ಡ್‌ವಿಚ್ ಅಂತ ನೆಲದಡಿಯ ನಿಲ್ದಾಣವೊಂದಿದೆ. ಈಗ ರೈಲು ನಿಲ್ಲುವುದಿಲ್ಲ. 1907ರ ನವೆಂಬರ್ 30ರಂದು ಶುರುವಾದಾಗ ಅದರ ಹೆಸರು ಸ್ಟ್ರ್ಯಾಂಡ್. 1915ರಲ್ಲಿ ಹೆಸರು ಬದಲಾಯಿತು. ಹಾಲ್ಬರ್ನ್ ನಿಲ್ದಾಣದಿಂದ ಕವಲೊಡೆದ ಪುಟ್ಟ ಸುರಂಗದ ಕೊನೆ ಅದು, ಮುಂದೆ ಹಳಿಯೇ ಇಲ್ಲ. ಅಂದುಕೊಂಡಷ್ಟು ಪ್ರಯಾಣಿಕರು ಮೊದಲಿನಿಂದಲೂ ಬರಲಿಲ್ಲ. ಇದ್ದ ಎರಡು ಪ್ಲಾಟ್‌ಫಾರಂಗಳಲ್ಲಿ ಒಂದನ್ನು ಬೇಗನೆ ಬಳಸುವುದನ್ನೇ ನಿಲ್ಲಿಸಿದರು.

ಆ ಖಾಲಿ ಜಾಗವೇ ಕೊನೆಗೆ ಕೆಲಸಕ್ಕೆ ಬಂತು. ಮೊದಲ ಮಹಾಯುದ್ಧದಲ್ಲಿ ನ್ಯಾಷನಲ್ ಗ್ಯಾಲರಿಯ ವರ್ಣಚಿತ್ರಗಳನ್ನು ಅಲ್ಲಿಟ್ಟು ಕಾಪಾಡಿದರು. ಎರಡನೇ ಯುದ್ಧ ಬಂದಾಗ, 1940ರಲ್ಲಿ, ರೈಲನ್ನೇ ನಿಲ್ಲಿಸಿದರು. ಮೇಲೆ ಬಾಂಬ್ ಬೀಳುತ್ತಿದ್ದ ರಾತ್ರಿಗಳಲ್ಲಿ ಜನ ಕೆಳಗೆ ಮಲಗಿದರು. ಬ್ರಿಟಿಷ್ ಮ್ಯೂಸಿಯಂನ ಪಾರ್ಥೆನಾನ್ ಶಿಲ್ಪಗಳೂ ಆ ಸುರಂಗದಲ್ಲೇ ಅಡಗಿ ಕೂತಿದ್ದವು. 1946ರಲ್ಲಿ ರೈಲು ಮತ್ತೆ ಶುರುವಾಯಿತು. 1994ರ ಹೊತ್ತಿಗೆ ದಿನಕ್ಕೆ ಬರೀ 450 ಜನ ಬಳಸುತ್ತಿದ್ದರು. 1907ರ ಹಳೇ ಲಿಫ್ಟ್‌ಗಳನ್ನು ಬದಲಾಯಿಸಲು ಸುಮಾರು 30 ಲಕ್ಷ ಪೌಂಡ್ ಬೇಕಿತ್ತು. ಲೆಕ್ಕ ಹೊಂದಲಿಲ್ಲ. ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದರು.

ಅಲ್ಲೂ ಸಿನಿಮಾ ಶೂಟಿಂಗ್ ಬೇಕಾದಷ್ಟು ಆಗಿದೆ. ಆದರೂ 2011ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದರು. ಲಂಡನ್ನಿನ ಸಾರಿಗೆ ಮ್ಯೂಸಿಯಂನವರು ಜನರನ್ನು ಗುಂಪು ಗುಂಪಾಗಿ ಕೆಳಗಿಳಿಸಿ ಅದರ ಚರಿತ್ರೆ ಹೇಳುತ್ತಾರೆ. ಟಿಕೆಟ್ ಇಟ್ಟು! ದಿನಕ್ಕೆ 450 ಜನ ಬರುತ್ತಿದ್ದ ನಿಲ್ದಾಣವನ್ನು ಈಗ ಜನ ದುಡ್ಡು ಕೊಟ್ಟು ನೋಡುತ್ತಾರೆ.

ನಮ್ಮ ತಾಳಗುಪ್ಪವೂ ಹಳಿ ಮುಗಿಯುವ ಊರೇ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಮುಂದೆ ಅರಸಾಳು, ಆನಂದಪುರ, ಸಾಗರ ಅಂತ ತುಂಡು ತುಂಡಾಗಿ ಕಾಡೊಳಗೆ ಸಾಗಿ, ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಲಂಡನ್ನಿನವರು ಸುರಂಗದಲ್ಲಿ ಮಲಗುತ್ತಿದ್ದ ಅದೇ ವರ್ಷ, ನೋಡಿ. ಮೀಟರ್ ಗೇಜ್‌ನ ಕೊನೆಗಾಲದಲ್ಲಿ ಈ ಹಳಿಯ ಮೇಲೆ ಬಸ್ಸಿನಂಥ ಪುಟ್ಟ ರೈಲು, ರೈಲ್‌ಬಸ್, ಓಡುತ್ತಿತ್ತು. ಈ ಲೈನ್ ಕಥೆ ಮುಗೀತು ಅಂದವರೇ ಜಾಸ್ತಿ. ಮುಗಿಯಲಿಲ್ಲ, ಹಳಿ ಅಗಲವಾಗಿ ಬ್ರಾಡ್‌ಗೇಜ್ ಆಯಿತು. ಈಗ ತಾಳಗುಪ್ಪದಲ್ಲಿ ಹತ್ತಿದರೆ ಬೆಂಗಳೂರಿನಲ್ಲೇ ಇಳಿಯಬಹುದು. ಆಲ್ಡ್‌ವಿಚ್‌ಗೆ ಸಿಗದ ಎರಡನೇ ಜನ್ಮ ನಮ್ಮ ಲೈನ್‌ಗೆ ಸಿಕ್ಕಿದೆ. ಆದರೆ ಮೊದಲ ಜನ್ಮದ್ದನ್ನು ಬರೆದಿಡುವ ಕೆಲಸ ಬಾಕಿ ಇದೆ.

ಆ ಕಾಲದ ಗ್ಯಾಂಗ್‌ಮನ್‌ಗಳು, ಸ್ಟೇಷನ್ ಮಾಸ್ತರರು, ಗಾರ್ಡ್‌ಗಳು ಈಗ ವಯಸ್ಸಾದವರು. ಮಳೆಗಾಲದಲ್ಲಿ ಮರ ಬಿದ್ದರೆ ಏನು ಮಾಡುತ್ತಿದ್ದರು, ರಾತ್ರಿ ಹಳಿ ಕಾಯುವಾಗ ಜೊತೆಗೆ ಯಾರಿರುತ್ತಿದ್ದರು, ಇದೆಲ್ಲ ಕಡತದಲ್ಲಿ ಸಿಗುವುದಿಲ್ಲ. ಅವರನ್ನೇ ಕೇಳಬೇಕು. ಇದಕ್ಕೆ ದೊಡ್ಡ ಯೋಜನೆ ಬೇಡ, ಶಿಲಾನ್ಯಾಸವೂ ಬೇಡ. ಒಂದು ರೆಕಾರ್ಡರ್, ಇತಿಹಾಸ ಓದುವ ನಾಲ್ಕು ಕಾಲೇಜು ಹುಡುಗರು ಸಾಕು.

ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ. ಈ ಲೈನ್‌ನ ಹಳೇ ನಕ್ಷೆ, ವೇಳಾಪಟ್ಟಿ, ಫೋಟೊ ಏನಿದ್ದರೂ ಹುಡುಕಿ ಪ್ರತಿ ಮಾಡಿಕೊಡಿ ಅಂತ ಮೈಸೂರು ವಿಭಾಗದ ಅಧಿಕಾರಿಗಳಿಗೆ ನೀವು ಹೇಳಿದರೆ ಆಗುತ್ತದೆ. ನಾವು ಅರ್ಜಿ ಕೊಟ್ಟರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಸಿಕ್ಕಿದ್ದನ್ನು ಅರಸಾಳಿನ ಒಂದು ಗೋಡೆಗೆ ಹಾಕಿ, ಕನ್ನಡದಲ್ಲಿ ವಿವರ ಬರೆಸಿ. ತಾಳಗುಪ್ಪದಲ್ಲೂ ಒಂದು ಫಲಕ ಇರಲಿ; ಜೋಗ ನೋಡಲು ಬಂದವರು ಇಳಿಯುವುದು ಅಲ್ಲೇ ತಾನೇ.

ರೈಲ್ವೆ ಅಧಿಕಾರಿಗಳ ಜೊತೆಗಿನ ನಿಮ್ಮ ಮುಂದಿನ ಸಭೆಯಲ್ಲಿ ಇದನ್ನೂ ಪ್ರಸ್ತಾಪಿಸುತ್ತೀರಾ? ಫೋಟೊ ಹುಡುಕಲು, ಹಳಬರನ್ನು ಮಾತಾಡಿಸಲು ನಾವು ಕೆಲವರು ತಯಾರಿದ್ದೇವೆ.

ಇಂತಿ,
ಸಾಗರದ ಒಬ್ಬ ರೈಲು ಪ್ರಯಾಣಿಕ