ನೂಲಿನ ಲೆಕ್ಕದಿಂದ ಶುರು ಮಾಡು: ಮಗಳಿಗೊಂದು ಪತ್ರ

ದಾವಣಗೆರೆ

ಮಗಳೇ,

ಢಾಕಾದಲ್ಲಿ ಜನ ಬೀದಿಗಿಳಿದು ಸರ್ಕಾರ ಬೀಳಿಸಿದರೆ ನಮಗೇನು ಅಂತ ಕೇಳಿದ್ದೀಯ. ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಚೀನಾ, ಅಮೆರಿಕ ಅಂತ ದೊಡ್ಡ ಹೆಸರು ಹಿಡಿದು ಹೊರಡುತ್ತಾರೆ. ನೀನು ಹತ್ತಿ ಗಿರಣಿಗಳ ಊರಲ್ಲಿ ಹುಟ್ಟಿದವಳು, ನೂಲಿನಿಂದ ಶುರು ಮಾಡು.

ನಮ್ಮ ದೇಶದ ಹತ್ತಿ ನೂಲಿಗೆ ದೊಡ್ಡ ಗಿರಾಕಿ ಬಾಂಗ್ಲಾದೇಶದ ಸಿದ್ಧ ಉಡುಪಿನ ಕಾರ್ಖಾನೆಗಳು. 2024ರ ಆಗಸ್ಟ್ 5ರಂದು ಅಲ್ಲಿನ ಪ್ರಧಾನಿ ಶೇಖ್ ಹಸೀನಾ ಅಧಿಕಾರ ಬಿಟ್ಟು ಓಡಿಬಂದು ದೆಹಲಿ ಪಕ್ಕದ ಹಿಂಡನ್ ವಾಯುನೆಲೆಯಲ್ಲಿ ಬಂದಿಳಿದರು. ಅತ್ತ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿದವು. ಆ ಗೇಟೇನೋ ಬೇಗ ತೆರೆಯಿತು. ನಿಜವಾದ ಪೆಟ್ಟು ಬೀಳುವುದು ಬ್ಯಾಂಕಿನೊಳಗೆ, ಟೀವಿಯವರು ತೋರಿಸದ ಕಡೆ. ಹೊರದೇಶದ ವ್ಯಾಪಾರ ಬಹುಪಾಲು ನಡೆಯುವುದು ಎಲ್‌ಸಿ ಮೇಲೆ, ಅಂದರೆ ಕೊಳ್ಳುವವನ ಬ್ಯಾಂಕು ಹಣಕ್ಕೆ ಹೊಣೆ ನಿಲ್ಲುವ ಕಾಗದದ ಮೇಲೆ. ಅಲ್ಲಿ ಡಾಲರ್ ಕೊರತೆಯಾದರೆ ಹೊಸ ಎಲ್‌ಸಿ ಹುಟ್ಟುವುದಿಲ್ಲ, ಹಳೆಯದರ ಹಣ ತಡವಾಗುತ್ತದೆ. ಆಗ ಇಲ್ಲಿನ ಗಿರಣಿ ಅದೇ ಮಾಲನ್ನು ಒಳಪೇಟೆಗೆ ಬಿಡುತ್ತದೆ, ದರ ಇಳಿಯುತ್ತದೆ.

ಕರೆಂಟಿನ ಕಥೆಯೂ ಬಾಕಿಯದ್ದೇ. ಜಾರ್ಖಂಡದ ಗೊಡ್ಡಾದಲ್ಲಿರುವ ಅದಾನಿಯವರ 1600 ಮೆಗಾವ್ಯಾಟ್ ಸ್ಥಾವರ ಕಟ್ಟಿದ್ದೇ ಬಾಂಗ್ಲಾದೇಶಕ್ಕಾಗಿ. ಬಾಕಿ ಏರುತ್ತ ಹೋಗಿ 2024ರ ಅಕ್ಟೋಬರ್ ಕೊನೆಗೆ ಪೂರೈಕೆ ಅರ್ಧಕ್ಕಿಳಿಯಿತು. ಭಾರತವಾದರೂ ಆಗಸ್ಟ್‌ನಲ್ಲೇ ನಿಯಮ ತಿದ್ದಿ, ಅಂಥ ಕರೆಂಟನ್ನು ದೇಶದೊಳಗೆ ಮಾರಲು ದಾರಿ ಮಾಡಿಟ್ಟಿತ್ತು.

ಗಲಾಟೆ ತಣ್ಣಗಾದ ಮೇಲೆ ಶುರುವಾಗುತ್ತದೆ ನೋಡು ಹಟದ ಆಟ. ಬಾಂಗ್ಲಾ ಸರಕು ನಮ್ಮ ಬಂದರು, ವಿಮಾನ ನಿಲ್ದಾಣಗಳ ಮೂಲಕ ಮೂರನೇ ದೇಶಕ್ಕೆ ಹೋಗುವ ಸೌಲಭ್ಯವನ್ನು ಭಾರತ 2025ರ ಏಪ್ರಿಲ್ 8ರಂದು ಹಿಂತೆಗೆಯಿತು. ವಾರದೊಳಗೆ ಢಾಕಾ ನೆಲಗಡಿಯಿಂದ ನೂಲು ತರಿಸುವುದನ್ನು ನಿಲ್ಲಿಸಿತು. ಮೇ 17ಕ್ಕೆ ನಾವು ಅವರ ಸಿದ್ಧ ಉಡುಪನ್ನು ಮುಂಬೈ ಪಕ್ಕದ ನಾವಾ ಶೇವಾ ಮತ್ತು ಕೋಲ್ಕತ್ತ ಬಂದರುಗಳಿಗಷ್ಟೇ ಸೀಮಿತ ಮಾಡಿದೆವು. ಲಾರಿಯಲ್ಲಿ ಹೋಗುತ್ತಿದ್ದ ನೂಲು ಹಡಗು ಹತ್ತಿದರೆ ದಿನವೂ ಹೆಚ್ಚು, ಖರ್ಚೂ ಹೆಚ್ಚು. ಸಣ್ಣ ವ್ಯಾಪಾರಿಗೆ ಅದು ಗಿಟ್ಟುವುದಿಲ್ಲ.

ಸ್ನೇಹದ ವಿಷಯದಲ್ಲಿ ನನ್ನ ಅಭಿಪ್ರಾಯ ಖಾರವಾಗಿಯೇ ಇದೆ: ಢಾಕಾದಲ್ಲಿ ನಾವು ಹಸೀನಾ ಒಬ್ಬರ ಜೊತೆ, ಅವರ ಒಂದೇ ಪಕ್ಷದ ಜೊತೆ ಗಂಟು ಹಾಕಿಕೊಂಡೆವು. ಶ್ರೀಲಂಕಾದಲ್ಲಿ ಹಾಗಾಗಲಿಲ್ಲ. 2022ರಲ್ಲಿ ಅಲ್ಲಿನ ಆರ್ಥಿಕತೆ ಕುಸಿದು ಜನ ದಂಗೆಯೆದ್ದಾಗ ಭಾರತ ಸಾಲ, ಕರೆನ್ಸಿ ವಿನಿಮಯ, ಪಾವತಿ ಮುಂದೂಡಿಕೆ ಎಲ್ಲ ಸೇರಿ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಇಂಧನ, ಔಷಧಿ ನೇರ ಜನರಿಗೆ ಮುಟ್ಟಿತು. ಅಧ್ಯಕ್ಷ ಗೋಟಬಯ ರಾಜಪಕ್ಸ ಜುಲೈ 13ರಂದು ಓಡಿದ್ದು ಮಾಲ್ಡೀವ್ಸ್‌ಗೆ, ಅಲ್ಲಿಂದ ಸಿಂಗಪುರಕ್ಕೆ. ಒಂದು ಕಾಲಕ್ಕೆ ಭಾರತವನ್ನು ಬೈದುಕೊಂಡೇ ಬೆಳೆದ ಎಡಪಕ್ಷ ಜೆವಿಪಿಯ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾದ ಮೇಲೆ ಮೊದಲ ವಿದೇಶ ಪ್ರವಾಸಕ್ಕೆ ಬಂದದ್ದು ದೆಹಲಿಗೇ, 2024ರ ಡಿಸೆಂಬರ್‌ನಲ್ಲಿ.

ಹಸೀನಾರಿಗೆ ಆಶ್ರಯ ಕೊಟ್ಟ ನಮ್ಮ ಕೊರಳಿಗೆ ಇನ್ನೊಂದು ಉರುಳಿದೆ. ಭಾರತ-ಬಾಂಗ್ಲಾ ನಡುವಿನ 2013ರ ಆರೋಪಿ ಹಸ್ತಾಂತರ ಒಪ್ಪಂದದಲ್ಲಿ ರಾಜಕೀಯ ಅಪರಾಧಕ್ಕೆ ವಿನಾಯಿತಿ ಉಂಟು, ಆದರೆ ಕೊಲೆ ಆ ಲೆಕ್ಕಕ್ಕೆ ಬರುವುದಿಲ್ಲ. 2025ರ ನವೆಂಬರ್ 17ರಂದು ಢಾಕಾ ನ್ಯಾಯಮಂಡಳಿ ಹಸೀನಾರಿಗೆ ಮರಣದಂಡನೆ ವಿಧಿಸಿತು. ಆರೋಪ ಸದುದ್ದೇಶದ್ದಲ್ಲ ಎಂದು ಹಸ್ತಾಂತರ ನಿರಾಕರಿಸಲು ಒಪ್ಪಂದದಲ್ಲೇ ಬೇರೊಂದು ಕಲಂ ಇದೆ. ಎರಡನ್ನೂ ಓದಿಕೋ.

ಈಗ ನೇಪಾಳದ ಮೇಲೆ ಇದೇ ಲೆಕ್ಕ ನೀನೇ ಹಾಕು. ಅಲ್ಲೂ ಜನ ಬೀದಿಗಿಳಿದು 2025ರ ಸೆಪ್ಟೆಂಬರ್ 9ರಂದು ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, 12ಕ್ಕೆ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾಗಿ ಬಂದರು. ಅಲ್ಲಿ ವೀಸಾ ಇಲ್ಲದ ಗಡಿ, ನಮ್ಮ ಒಂದು ರೂಪಾಯಿಗೆ ಅವರದು 1.60, ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ಇಂಧನ ಪೈಪು. ಢಾಕಾದಷ್ಟು ಬಿರುಕು ಅಲ್ಲಿ ಯಾಕೆ ಬಿಡಲಿಲ್ಲ, ಬರೆದು ಕಳಿಸು.

ನಿನ್ನ ಅಪ್ಪ